ದೇಶ ನಡೆಸಿದ ಶನಿವಾರಗಳು

ನನಗೊಂದು ಚಾಳಿ ಅಂಟಿಕೊಂಡಿದೆ. ಯಾವ ಕಾಗದದ ಮೇಲೆ ಏನು ಬರೆದರೂ ಕೆಳಗೆ ಪೂರ್ತಿ ಹೆಸರು ಬರೆದು, ತಾರೀಖು ಹಾಕಿ, ಸಹಿ ಮಾಡುತ್ತೇನೆ. ಕಾಲೇಜಿನ ಕಾಗದಗಳಿಗಾದರೆ ಸರಿ. ಅಡುಗೆಮನೆಯಲ್ಲಿ ಯಜಮಾನರಿಗೆಂದು "ಹಾಲು ಕಾಯಿಸಿಡಿ" ಅಂತ ಬರೆದಿಟ್ಟ ತುಂಡಿಗೂ ಸಹಿ ಬೀಳುತ್ತದೆ. ಕಳೆದ ವಾರ ಕಿರಾಣಿ ಅಂಗಡಿಗೆ ಕಳಿಸಿದ ಚೀಟಿಯ ಕೊನೆಯಲ್ಲಿ, ಬೆಲ್ಲ ಅರ್ಧ ಕಿಲೋ ಎಂಬುದರ ಕೆಳಗೆ, "ಮೇಲಿನದೆಲ್ಲ ನಿಜ" ಎಂದು ಬರೆದಿದ್ದೆನಂತೆ. ಅಂಗಡಿಯವರು ಅದನ್ನು ಯಜಮಾನರಿಗೆ ತೋರಿಸಿ, "ಮೇಡಮ್ ಆರಾಮ ಇದ್ದಾರಲ್ರಿ?" ಎಂದು ವಿಚಾರಿಸಿದರಂತೆ.

"ಆರಾಮ ಇದ್ದಾರ," ಅಂದರಂತೆ ಇವರು. "ಒಮ್ಮೆ ಜರಾ ದೇಶ ನಡಸಾಕ ಹೋಗಿದ್ರು. ಅದರದು ಇನ್ನಾ ಇಳದಿಲ್ಲ."

ಇವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ರೋಗವನ್ನೂ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಆ ವಿದ್ಯೆ ಬರುವುದಿಲ್ಲ. ನಾನು ಉದ್ದಕ್ಕೆ ಹೇಳುವವಳು, ಅದಕ್ಕೇ ಮೇಷ್ಟ್ರಾದೆ. ಕೇಳಿ.

ನಮ್ಮ ಮನೆ ಇರುವುದು ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ. ಪಾಠ ಹೇಳುವುದು ಹುಮನಾಬಾದಿನ ಒಂದು ಕಾಲೇಜಿನಲ್ಲಿ, ರಾಜ್ಯಶಾಸ್ತ್ರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಪಠ್ಯದಲ್ಲಿ 'ರಾಷ್ಟ್ರೀಯ ಸಮಸ್ಯೆಗಳು' ಎಂಬ ಅಧ್ಯಾಯವಿದೆ. ಪ್ರತಿ ಸಮಸ್ಯೆಗೂ ಅರ್ಥ, ಕಾರಣಗಳು, ಪರಿಹಾರಗಳು ಎಂದು ಮೂರು ತಲೆಬರಹ. ಬಡತನಕ್ಕೆ ಐದು ಕಾರಣ, ಐದು ಪರಿಹಾರ. ನಿರುದ್ಯೋಗಕ್ಕೂ ಅಷ್ಟೇ. ಅಧ್ಯಾಯ ಬರೆದವರು ಎಲ್ಲಕ್ಕೂ ಒಂದೇ ಅಳತೆಯ ಅಂಗಿ ಹೊಲಿಸಿದ್ದಾರೆ. ಅದನ್ನು ಇಪ್ಪತ್ತು ವರ್ಷ ಹೇಳಿ ಹೇಳಿ, ಕೊನೆಗೆ ಪಾಠ ಮಾಡುತ್ತಲೇ ನನಗೇ ತೂಕಡಿಕೆ ಬರಲಾರಂಭಿಸಿತು. ಮಕ್ಕಳು ತೂಕಡಿಸುವುದು ಸಹಜ. ಮೇಷ್ಟ್ರು ತೂಕಡಿಸಿದರೆ ಹಲಗೆಯ ಮೇಲಿನ ಸಾಲು ವಕ್ರವಾಗುತ್ತದೆ. ಹಾಗೆ ವಕ್ರವಾದ ಒಂದು ದಿನ, ಈ ಅಧ್ಯಾಯವನ್ನು ಆಟ ಮಾಡಿದರೆ ಹೇಗೆ ಎಂದು ಹೊಳೆಯಿತು.

ಆಟಗಳ ವಿಷಯದಲ್ಲಿ ನನ್ನ ಪೂರ್ವಾನುಭವ ಹೆಮ್ಮೆಪಡುವಂಥದ್ದಲ್ಲ. ನಾನು ಬೆಳೆದದ್ದು ಮುಡಬಿಯಲ್ಲಿ. ಶಾಲೆಯ ಸೂಟಿಯಲ್ಲಿ ರಾಜ, ಮಂತ್ರಿ, ಸಿಪಾಯಿ, ಕಳ್ಳ ಎಂದು ಚೀಟಿ ಹಾರಿಸಿ ಆಡುತ್ತಿದ್ದೆವು. ಕಳ್ಳನ ಚೀಟಿ ನನಗೆ ಬಂದ ಕ್ಷಣವೇ ಓಣಿಗೆಲ್ಲ ಗೊತ್ತಾಗುತ್ತಿತ್ತು. ಕಿವಿ ಕೆಂಪಾಗುತ್ತಿತ್ತು, ನೀರು ಬೇಕು ಅನ್ನುತ್ತಿದ್ದೆ. ನನ್ನ ಅಜ್ಜಿಯದು ಬೇರೆ ದಾರಿ. ಕಟ್ಟೆಯ ಮೇಲೆ ಸುಣ್ಣದಿಂದ ಮನೆ ಬರೆದು, ಕವಡೆ ಉರುಳಿಸಿ ಚೌಕಾಬಾರ ಆಡುವಾಗ, ಸೋಲು ಹತ್ತಿರ ಬಂತೆಂದರೆ ಆಕೆ ಹೊಸ ನಿಯಮ ತರುತ್ತಿದ್ದಳು. "ಈ ಮನಿಗೆ ಬಂದ್ರ ಹಿಂದಕ್ಕ ಹೋಗೂದಿಲ್ಲ." "ಯಾವಾಗಿಂದ ಅಜ್ಜಿ?" "ಈಗಿಂದ." ರಾಜ್ಯಶಾಸ್ತ್ರದ ನನ್ನ ಮೊದಲ ಪಾಠ ಅದೇ ಕಟ್ಟೆಯ ಮೇಲೆ ಆಯಿತು. ಪದವಿ ಆಮೇಲೆ ಸಿಕ್ಕಿತು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು ಒಂದು ದೇಶ ಬರೆದೆ. ಪ್ರಧಾನಮಂತ್ರಿ, ನಾಲ್ಕು ಮಂತ್ರಿಗಳು, ಒಬ್ಬ ವಿರೋಧ ಪಕ್ಷದ ನಾಯಕ, ಹೀಗೆ ಆರು ಜನ ಆಡಬೇಕು. ಖಜಾನೆಗೆ ಇವರ ಹಳೆಯ ಅಂಗಿಗಳ ಗುಂಡಿಗಳು. ಪ್ರಜೆಗಳಿಗೆ ಹುಣಸೆ ಬೀಜ. ಸರದಿಗೊಂದು ಸಮಸ್ಯೆಯ ಚೀಟಿ ಎತ್ತಬೇಕು, ತಕ್ಕ ಪರಿಹಾರದ ಚೀಟಿ ಹಾಕಬೇಕು, ಗುಂಡಿ ಕೊಡಬೇಕು, ಸಮಸ್ಯೆ ಮುಗಿಯಿತು. ಶನಿವಾರ ಕೊನೆಯ ತಾಸಿನಲ್ಲಿ ಆಡಿಸಲು ಶುರು ಮಾಡಿದೆ. ಹಿಂದಿನ ಬೆಂಚುಗಳು ಮುಂದೆ ಬಂದವು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು.

ಮೂರನೆಯ ಶನಿವಾರ ರೇಣುಕಾ ಎದ್ದು ನಿಂತಳು. ಕೊಡಂಬಲದಿಂದ ಬರುವ ಹುಡುಗಿ. ದನ, ಎಮ್ಮೆ ಇರುವ ಮನೆ. ಅವತ್ತು ಆಕೆಯೇ ಪ್ರಧಾನಮಂತ್ರಿ, ಆಗಷ್ಟೇ ಗೆದ್ದಿದ್ದಳು.

"ಮೇಡಮ್, ಇದು ಸುಳ್ಳ ಆಟ ಅದ್ರಿ."

"ಯಾಕ?"

"ಒಂದ ತಾಸಿನಾಗ ನಾ ಬಡತನ ಮುಗಿಸೀನಿ, ನಿರುದ್ಯೋಗ ಮುಗಿಸೀನಿ, ನೀರಿಂದು ಬೀ ಮುಗಿಸೀನ್ರಿ. ನಮ್ಮ ಸೋದರಮಾವನ ಊರಾಗ ಟಾಕಿ ಕಟ್ಟಿ ನಿಂದರ್ಸ್ಯಾರ, ಅದಕ ನೀರ ಇನ್ನಾ ಏರಿಲ್ಲ. ಅಂಥಾದ್ದಕ್ಕ ಇದರಾಗ ಚೀಟಿನೇ ಇಲ್ಲ."

ಗೆದ್ದವಳೇ ಆಟವನ್ನು ಸುಳ್ಳು ಅಂದಮೇಲೆ ನಾನು ಏನು ಹೇಳಲಿ? ಮನೆಗೆ ಬರುವ ಬಸ್ಸಿನಲ್ಲಿ ಅದೇ ಯೋಚನೆ. ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು: ಆಟ ನಿಜದ ಹಾಗೆ ಆಗಬೇಕು. ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಕೇಳತೊಡಗಿದೆ, ದೇಶದ ದೊಡ್ಡ ಸಮಸ್ಯೆ ಯಾವುದು ಅಂತ. ಕಂಡಕ್ಟರು ಒಂದು ಕ್ಷಣವೂ ಯೋಚಿಸದೆ "ಚಿಲ್ಲರ್ರಿ" ಅಂದರು. ತೊಡೆಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡ ಒಬ್ಬ ಹೆಂಗಸು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿ, "ಯಾರಿಗಿ ಕೇಳಬೇಕು ಅನ್ನೂದೇ ತಿಳಿಯಂಗಿಲ್ರಿ, ಅದೇ ದೊಡ್ಡದು" ಅಂದಳು. ನಾನು ಅದನ್ನು ಟಿಕೆಟಿನ ಹಿಂದೆ ಬರೆದುಕೊಂಡೆ. ಆಗ ಅದರ ತೂಕ ನನಗೆ ತಿಳಿದಿರಲಿಲ್ಲ ಎಂದು ಈಗ ಅನಿಸುತ್ತದೆ.

ಹೊಸ ನಿಯಮಗಳು ಬಂದವು. ಆದೇಶ ಹೊರಡಿಸಿದರೆ ಅದು ಜನರಿಗೆ ಮುಟ್ಟಲು ಮೂರು ಸರದಿ ಕಾಯಬೇಕು. 'ಕಾಗದದ ಮೇಲೆ ಆಗಿದೆ' ಎಂಬ ಚೀಟಿ ಬಂದರೆ ಗುಂಡಿ ಹೋಗುತ್ತದೆ, ಸಮಸ್ಯೆ ಉಳಿಯುತ್ತದೆ. ಒಂದು ಸಮಸ್ಯೆ ಮುಗಿಸಿದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮಕ್ಕಳು ಸೋಲಲಾರಂಭಿಸಿದರು, ಜಗಳವಾಡಲಾರಂಭಿಸಿದರು, ಗಂಟೆ ಬಾರಿಸಿದರೂ ಏಳುತ್ತಿರಲಿಲ್ಲ. ಆದರೆ ನನಗೆ ಒಳಗೊಳಗೇ ಒಂದು ಕಳವಳ ಶುರುವಾಗಿತ್ತು. ದೇಶದ ಕಷ್ಟ ಹೆಚ್ಚಾದಷ್ಟೂ ನನಗೆ ಖುಷಿಯಾಗುತ್ತಿತ್ತಲ್ಲ, ಅದು ಸರಿಯೇ?

ಚೀಟಿಗಳನ್ನು ಅಚ್ಚು ಮಾಡಿಕೊಡುತ್ತಿದ್ದವರು ಗೌಸ್ ಸಾಹೇಬರು. ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ಅವರದೊಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ತುಂಬ ಮದುವೆ ಕಾರ್ಡುಗಳ ಮಾದರಿ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರಂತೆ. ಕನ್ನಡ ಅಕ್ಷರದ ದುಂಡು ಅವರಿಗೆ ಒಲಿದ ಹಾಗೆ ನನಗೆ ಒಲಿದಿಲ್ಲ. ನನ್ನ ಕಾಗುಣಿತವನ್ನು ಮೆಲ್ಲಗೆ ತಿದ್ದಿ, "ಹಿಂಗ ಇದ್ರ ಛಲೋ ಕಾಣತದ್ರಿ" ಅನ್ನುತ್ತಿದ್ದರು, ತಪ್ಪು ಅನ್ನುತ್ತಿರಲಿಲ್ಲ.

ಒಂದು ದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿ ಕೇಳಿದರು: "ಮೇಡಮ್, ನಿಮ್ಮ ಆಟದಾಗ ಹುಕುಂ ಅದ, ಅಫವಾ ಇಲ್ಲಲ್ಲ. ಅಫವಾ ಇಲ್ಲದ ಮುಲ್ಕ ಎಲ್ಲಿ ಅದ್ರಿ?"

ಅಫವಾ ಅಂದರೆ ವದಂತಿ, ಮುಲ್ಕ ಅಂದರೆ ದೇಶ. ಅವರು ಹೇಳಿದ್ದು ಎಷ್ಟು ನಿಜ ಅಂದರೆ, ನನಗೆ ನಾಚಿಕೆಯೇ ಆಯಿತು. ಅಂಗಡಿಯಲ್ಲೇ ಕೂತು ನಿಯಮ ಬರೆದೆವು. ಆದೇಶ ಸರದಿಗೆ ಒಂದು ಮನೆ ನಡೆದರೆ ವದಂತಿ ಮೂರು ಮನೆ ನಡೆಯುತ್ತದೆ. ವದಂತಿಯ ಚೀಟಿ ಆದೇಶದ ಹಾಗೆಯೇ ಕಾಣಬೇಕು. ಯಾವುದು ಯಾವುದು ಎಂದು ಆಡುವವರು ವಿಚಾರಿಸಿ ಕಂಡುಹಿಡಿಯಬೇಕು, ವಿಚಾರಿಸಲು ಒಂದು ಸರದಿ ಬಿಟ್ಟುಕೊಡಬೇಕು.

ಮೊದಲ ವದಂತಿಯನ್ನು ನಾನೇ ಬರೆದೆ. "ಸಾರ್ವಜನಿಕ ಪ್ರಕಟಣೆ. ಪಟ್ಟಣಕ್ಕೆ ಸರಬರಾಜಾಗುತ್ತಿರುವ ನೀರು ಕುಡಿಯಲು ಯೋಗ್ಯವಲ್ಲವೆಂದು ಪರೀಕ್ಷೆಯಿಂದ ಕಂಡುಬಂದಿರುವುದರಿಂದ, ಸಂಗ್ರಹಿಸಿದ ನೀರನ್ನು ಕೂಡಲೇ ಚೆಲ್ಲತಕ್ಕದ್ದು. ಮುಂದಿನ ಆದೇಶದವರೆಗೆ ನಲ್ಲಿ ನೀರನ್ನು ಬಳಸತಕ್ಕದ್ದಲ್ಲ." ಮೇಲ್ಗಡೆ ಒಂದು ಸಂಖ್ಯೆ, ಕೆಳಗೆ ಒಂದು ದುಂಡನೆಯ ಮುದ್ರೆ. ಮುದ್ರೆಯೊಳಗಿನ ಅಕ್ಷರ ಓದಲು ಬರಬಾರದು ಎಂದು ನಾನೇ ಹೇಳಿದ್ದೆ. ಗೌಸ್ ಸಾಹೇಬರು ಅದನ್ನು ಪೂರ್ತಿ ಹಾಳೆಯ ಅಳತೆಗೆ ತೆಗೆದು, ದೂರ ಹಿಡಿದು ನೋಡಿದರು.

"ಬಾಳ ಖರೇ ಕಾಣಾಕತ್ತದ್ರಿ," ಅಂದರು.

"ಅದೇ ಬೇಕಾಗಿತ್ತು," ಅಂದೆ ನಾನು. ಈ ಮಾತು ನೆನಪಾದಾಗಲೆಲ್ಲ ಈಗಲೂ ಕಿವಿ ಕೆಂಪಾಗುತ್ತದೆ.

ಅದು ಬೇಸಿಗೆಯ ಶನಿವಾರ. ತರಗತಿಯಲ್ಲಿ ಚೀಟಿ ಭರ್ಜರಿ ಕೆಲಸ ಮಾಡಿತು. ಆರಕ್ಕೆ ಐದು ಮಂದಿ ನಂಬಿ ದೇಶದ ನೀರೆಲ್ಲ ಚೆಲ್ಲಿದರು. ವಿಚಾರಿಸೋಣ ಎಂದವಳು ರೇಣುಕಾ ಒಬ್ಬಳೇ. ನಾನು ಆಕೆಯನ್ನು ಹೊಗಳಿ, ಚಪ್ಪಾಳೆ ಹೊಡೆಸಿ, ಒಂದೂವರೆಯ ಬಸ್ಸು ಹಿಡಿದೆ. ಮನೆಗೆ ಬಂದು ಊಟ ಮಾಡಿ ಅಡ್ಡಾದೆ.

ನಾಲ್ಕರ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಬಂದಳು. "ಮೇಡಮ್, ನಿಮ್ಮ ಹುಮನಾಬಾದದಾಗ ನೀರ ಖರಾಬ ಆಗ್ಯಾವಂತ. ನೀವ್ ಅಲ್ಲಿ ಕುಡದಿಲ್ಲಲ್ಲ?" ಎನ್ನುತ್ತ ಫೋನು ಮುಂದೆ ಹಿಡಿದಳು.

ಮೊದಲಿಗೆ ನನಗೆ ಗುರುತು ಸಿಗಲಿಲ್ಲ. ನಿಜ ಹೇಳುತ್ತೇನೆ, ಬೆಳಿಗ್ಗೆ ನಾನು ಎಲ್ಲಿ ನೀರು ಕುಡಿದೆ ಎಂದು ನೆನೆಸಿಕೊಳ್ಳತೊಡಗಿದೆ. ಆಮೇಲೆ 'ಕಂಡುಬಂದಿರುವುದರಿಂದ' ಎಂಬಲ್ಲಿ ಕಣ್ಣು ನಿಂತಿತು. ಅದರ ಮುಂದೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮ ನನ್ನದು. ಮೇಲ್ಗಡೆ ಯಾರೋ ದಪ್ಪ ಅಕ್ಷರದಲ್ಲಿ 'ಹುಮನಾಬಾದ್' ಎಂದು ಸೇರಿಸಿದ್ದರು. 'ಎಲ್ಲರಿಗೂ ಕಳಿಸಿ' ಎಂದೂ ಇತ್ತು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. "ಹೌದೇನು" ಅಂದೆ. ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಹಾಸಿಗೆಯ ಅಂಚಿಗೆ ಕೂತೆ. ಇದು ತಾನಾಗಿ ನಿಲ್ಲಬಹುದು, ಸಂಜೆಯೊಳಗೆ ಯಾರಾದರೂ ಸುಳ್ಳು ಅನ್ನಬಹುದು, ನನ್ನ ಹೆಸರು ಎಲ್ಲೂ ಇಲ್ಲವಲ್ಲ ಎಂದು ಲೆಕ್ಕ ಹಾಕಿದೆ. ಇಪ್ಪತ್ತು ನಿಮಿಷವೋ ಅರ್ಧ ತಾಸೋ ಹಾಗೆಯೇ ಹೋಯಿತು. ತರಗತಿಯಲ್ಲಿ ವಿಚಾರಿಸದವರಿಗೆ ಸೋಲು ಎಂದು ಅವತ್ತಷ್ಟೇ ಬೋಧಿಸಿದವಳು ನಾನು.

ಗೌಸ್ ಸಾಹೇಬರೇ ಫೋನು ಮಾಡಿದರು.

"ಮೇಡಮ್, ನೋಡಿರೇನ್ರಿ?"

"ನೋಡಿದೆ."

"ನಮ್ಮ ಸೊಸಿ ಬೀ ಎರಡ ಕೊಡ ಚೆಲ್ಯಾಳ. ನಾ ಮನಿಗಿ ಹೋಗೂದ್ರಾಗ ಚೆಲ್ಲಿಬಿಟ್ಟಿದ್ಲು. ಓಣಿ ಓಣಿಯಾಗ ಗಟಾರದಾಗ ನೀರ ಹರ್ಯಾಕತ್ತಾವ್ರಿ." ಆಮೇಲೆ ದನಿ ತಗ್ಗಿಸಿದರು. "ನೀರಿಗಿ ಏನಾಗ್ಯದ ಅಂತ ಈಗ ಕೇಳಾಕತ್ತಾರ. ಇನ್ನ ಜರಾ ಹೊತ್ತಿಗಿ ಯಾರ ಏನ ಹಾಕ್ಯಾರ ಅಂತ ಕೇಳ್ತಾರ. ಅದಕ ಇನ್ನಾ ಯಾರ ಹೆಸರೂ ಹತ್ತಿಲ್ಲ ಮೇಡಮ್. ಹತ್ತೂದ್ರಾಗ ಏನರ ಮಾಡ್ರಿ."

ಅವರು ಅದಕ್ಕಿಂತ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತಲೆತಲಾಂತರದಿಂದ ಬೇರೆ ಬೇರೆ ಮತದವರು ಪಕ್ಕಪಕ್ಕದಲ್ಲಿ ಬದುಕಿದ ಊರದು. ಒಂದು ಓಣಿಯ ಹೆಸರು, ಒಂದು ಮನೆತನದ ಹೆಸರು ಆ ಹಾಳೆಯ ಕೆಳಗೆ ಸೇರಿದರೆ ಏನಾದೀತು ಎಂಬುದು ನನಗೆ ಕಣ್ಣಿಗೆ ಕಟ್ಟಿತು. ಯಜಮಾನರನ್ನು ಎಬ್ಬಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅಂಗಿ ತೊಟ್ಟು ಮೋಟರ್ ಸೈಕಲ್ಲಿನ ಕೀಲಿ ತೆಗೆದುಕೊಂಡರು.

ಹೆದ್ದಾರಿಯ ಉದ್ದಕ್ಕೂ ನಾನು ಅವರ ಬೆನ್ನ ಹಿಂದೆ ಕೂತು ನೀರಿನ ಕಚೇರಿಗೆ ಫೋನು ಹಚ್ಚುತ್ತಲೇ ಇದ್ದೆ. ನಾಲ್ಕನೆಯ ಸಲಕ್ಕೆ ಒಬ್ಬರು ಎತ್ತಿದರು. ನೀರು ಎಂದಿನಂತೆಯೇ ಇದೆ, ನಾವು ಯಾವ ಪ್ರಕಟಣೆಯನ್ನೂ ಹೊರಡಿಸಿಲ್ಲ, ಯಾರು ಬರೆದರೋ ಗೊತ್ತಿಲ್ಲ ಅಂದರು. "ನಾನು" ಅಂದೆ. ಗಾಳಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. "ಯಾರ್ರಿ?" ಅಂದರು. "ನಾನೇ ಬರೆದದ್ದು," ಎಂದು ಕೂಗಿ ಹೇಳಬೇಕಾಯಿತು. ಯಜಮಾನರ ಬೆನ್ನು ಸ್ವಲ್ಪ ಬಿಗಿದದ್ದು ನನಗೆ ತಿಳಿಯಿತು.

ಹುಮನಾಬಾದು ಮುಟ್ಟಿದಾಗ ಐದೂವರೆ. ಗೌಸ್ ಸಾಹೇಬರು ಅಂಗಡಿಯ ಮುಂದೆ ಒಂದು ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಸೀರೆ ಸೇಲು, ಪಶುಮೇಳ ಎಂದೆಲ್ಲ ಸಾರಿಕೊಂಡು ತಿರುಗುವ, ಮೇಲೆ ಮೈಕಿನ ಭೋಂಗಾ ಕಟ್ಟಿದ ಆಟೋ. ನಾನು ಒಂದು ಬದಿಗೆ, ಅವರು ಇನ್ನೊಂದು ಬದಿಗೆ ಕೂತೆವು. ಯಜಮಾನರು ಹಿಂದೆ ಮೋಟರ್ ಸೈಕಲ್ಲಿನಲ್ಲಿ.

ಮೊದಲ ಓಣಿಯಲ್ಲಿ ಮೈಕು ಹಿಡಿದು ನಾನು ಹೇಳಿದೆ: "ಸಾರ್ವಜನಿಕರಲ್ಲಿ ವಿನಂತಿ. ನೀರಿನ ಗುಣಮಟ್ಟದ ಕುರಿತು ಹರಡಿರುವ ವದಂತಿಯು ಸತ್ಯಕ್ಕೆ ದೂರವಾದದ್ದಾಗಿದ್ದು..."

ಬಾಗಿಲುಗಳಲ್ಲಿ ನಿಂತವರು ಇನ್ನಷ್ಟು ಗಾಬರಿಯಾದರು. ಒಬ್ಬ ಹೆಂಗಸು ಇದ್ದೊಂದು ಕೊಡವನ್ನೂ ಎತ್ತಿಕೊಂಡು ಗಟಾರದತ್ತ ನಡೆದಳು. ಗೌಸ್ ಸಾಹೇಬರು ನನ್ನ ಕೈಯಿಂದ ಮೈಕು ತಗ್ಗಿಸಿದರು.

"ಸರ್ಕಾರಿ ಭಾಷಾದಾಗ ಹೇಳಿದ್ರ ಇದು ಬೀ ಪ್ರಕಟಣಿ ಆಗ್ತದ್ರಿ. ಮನ್ಯಾಗ ಮಾತಾಡ್ದಂಗ ಹೇಳ್ರಿ."

ಇಪ್ಪತ್ತು ವರ್ಷ ಪಾಠ ಹೇಳಿ ನಾನು ಮನೆಯ ಮಾತನ್ನು ನಾಲಗೆಯ ಯಾವ ಮೂಲೆಗೆ ದೂಡಿದ್ದೆನೋ. ಮೈಕನ್ನು ಮತ್ತೆ ಬಾಯಿಗೆ ಹಿಡಿದಾಗ ಮುಡಬಿಯ ಕಟ್ಟೆಯ ದನಿಯೇ ಬಂತು. "ಯವ್ವಾ, ನೀರ ಛಲೋ ಅವ. ಚೆಲ್ಲಬ್ಯಾಡ್ರಿ. ಆ ಚೀಟಿ ಸುಳ್ಳ ಅದ. ನಾನೇ ಬರದದ್ದು. ಕಾಲೇಜಿನ ಆಟಕ್ಕಂತ ಬರದಿದ್ದೆ. ಯಾರೂ ನೀರಾಗ ಏನೂ ಹಾಕಿಲ್ಲ. ತಪ್ಪ ನಂದು."

ಕೊಡ ಹಿಡಿದವಳು ನಿಂತಳು. "ಹಂಗಾರ ನೀವ್ ಕುಡಿರಿ ನೋಡೂಣು," ಅಂದಳು. ಯಾರೋ ಒಳಗಿನಿಂದ ಲೋಟ ತಂದರು. ಲೋಟವನ್ನು ಬಾಯಿಯ ಹತ್ತಿರ ತಂದು ತಡೆದೆ. ಸುಳ್ಳು ಬರೆದವಳು ನಾನು, ಕಚೇರಿಯವರನ್ನು ಕೇಳಿ ಖಾತ್ರಿ ಮಾಡಿಕೊಂಡವಳೂ ನಾನು. ಆದರೂ ಒಂದು ಕ್ಷಣ, ಆ ದುಂಡು ಮುದ್ರೆ ಕಣ್ಣ ಮುಂದೆ ಬಂದು, ಒಂದು ವೇಳೆ ನಿಜವಿದ್ದರೆ ಅನಿಸಿತು. ಕುಡಿದೆ. ನೀರು ನೀರಿನ ಹಾಗೆಯೇ ಇತ್ತು.

ಆಮೇಲೆ ಪ್ರತಿ ಓಣಿಯಲ್ಲೂ ಒಂದು ಲೋಟ. ಏಳನೆಯ ಓಣಿಯ ಹೊತ್ತಿಗೆ ಹೊಟ್ಟೆಯಲ್ಲಿ ಕೆರೆ ತುಳುಕುತ್ತಿತ್ತು. ಒಬ್ಬ ಪುಣ್ಯಾತ್ಗಿತ್ತಿ ನನ್ನ ಮುಖ ನೋಡಿಯೇ ತಿಳಿದುಕೊಂಡು, "ಬರ್ರಿ ಮೇಡಮ್, ಒಳಗ ಹೋಗಿ ಬರ್ರಿ" ಎಂದು ಬಚ್ಚಲು ತೋರಿಸಿದಳು. ಊರ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕೆ ಇಂಥ ಅಡಚಣೆಯೂ ಇರುತ್ತದೆ ಎಂದು ಯಾವ ರಾಜ್ಯಶಾಸ್ತ್ರದ ಪುಸ್ತಕವೂ ಹೇಳುವುದಿಲ್ಲ.

ಕೆಲವರು ಬೈದರು. ಕೆಲವರು ನಕ್ಕರು. ಕೊನೆಯ ಓಣಿಗಳಲ್ಲಿ ಒಂದರಲ್ಲಿ ಲಕ್ಷ್ಮೀಬಾಯಿ ಸಿಕ್ಕಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವ ಹೆಂಗಸು. ಎರಡು ದೊಡ್ಡ ಡ್ರಮ್ಮುಗಳನ್ನು ಬೋರಲು ಹಾಕಿ ಹೊಸ್ತಿಲ ಮೇಲೆ ಕೂತಿದ್ದಳು. ಆ ಓಣಿಗೆ ಮುಂಜಾನೆಯಷ್ಟೇ ನೀರು ಬಂದು ಹೋಗಿತ್ತು. ಮತ್ತೆ ಬರುವುದು ಎಂದೋ ಆಕೆಗೆ ಗೊತ್ತಿರಲಿಲ್ಲ. ನಾನು ಆಟೋ ಇಳಿದು ಹೋಗಿ ಕೈಮುಗಿದೆ.

"ನೀವ್ ಹೇಳೂದು ಖರೇ ಇರಬಹುದ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮಧ್ಯಾಹ್ನ ಬಂದದ್ದು ಬೀ ಖರೇ ಅನಸ್ತು. ನಾ ಯಾವುದು ನಂಬ್ಲಿ? ಮುಂಜಾನಿ ಎದ್ದು ಹಿಟ್ಟ ಯಾವುದರಾಗ ಕಲಸ್ಲಿ?"

ಗೌಸ್ ಸಾಹೇಬರು ತಮ್ಮ ಮನೆಯ ನೀರಿನ ಹೌದಿನಿಂದ ಎರಡು ಕೊಡ ಕಳಿಸಿದರು. ಒಂದನ್ನು ಯಜಮಾನರು ಹೊತ್ತರು, ಒಂದನ್ನು ನಾನು. ಅಷ್ಟು ದೂರ ಕೊಡ ಹೊತ್ತು ನನಗೆ ಎಷ್ಟು ವರ್ಷವಾಗಿತ್ತೋ, ಅರ್ಧ ನೀರು ಸೀರೆಯ ಮೇಲೇ ಬಿತ್ತು. ಲಕ್ಷ್ಮೀಬಾಯಿ ಅದನ್ನೂ ನೋಡಿದಳು.

ಅವತ್ತು ಯಾರ ಹೆಸರೂ ಆ ಹಾಳೆಗೆ ಹತ್ತಲಿಲ್ಲ. ನನ್ನ ಹೆಸರೊಂದು ಹತ್ತಿತು. ಅಷ್ಟು ಆದದ್ದು ನನ್ನ ಪುಣ್ಯ ಎಂದೇ ತಿಳಿದಿದ್ದೇನೆ.

ಸೋಮವಾರ ಪ್ರಾಂಶುಪಾಲರು ಕರೆಸಿ ವಿವರಣೆ ಬರೆದುಕೊಡಿ ಎಂದರು. ಬರೆದೆ. ಬರೆದು ಸಹಿ ಮಾಡುವಾಗ ಕೈ ಗಟ್ಟಿಯಾಗಿ ಒತ್ತಿತು. ಪೊಲೀಸರೂ ಕರೆದು ಕೇಳಿದರು. ಅವರಿಗೂ ಅದನ್ನೇ ಬರೆದುಕೊಟ್ಟೆ. ಇನ್ನೊಮ್ಮೆ ಇಂಥದ್ದಾದರೆ ಸುಮ್ಮನಿರುವುದಿಲ್ಲ ಎಂದು ಎಚ್ಚರಿಸಿ ಕಳಿಸಿದರು. ಪ್ರಾಂಶುಪಾಲರು ಕ್ಯಾಲೆಂಡರು, ಗುಂಡಿ, ಹುಣಸೆ ಬೀಜ ಸಮೇತ ನನ್ನ ದೇಶವನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದು ನನಗೆ ದೊಡ್ಡ ದುಃಖವಾಗಲಿಲ್ಲ. ರೇಣುಕಾಳ ಜಾಗ ಖಾಲಿ ಇತ್ತು, ಅದು ಚುಚ್ಚಿತು. ಮಂಗಳವಾರವೂ ಬರಲಿಲ್ಲ. ವಾರವಿಡೀ ಬರಲಿಲ್ಲ. ಫೋಟೋ ತೆಗೆದವಳು ಆಕೆಯೇ ಎಂದು ಉಳಿದ ಹುಡುಗಿಯರು ಮೆಲ್ಲಗೆ ಹೇಳಿದರು.

ರವಿವಾರ ಕೊಡಂಬಲಕ್ಕೆ ಹೋದೆ. ಆಕೆಯ ತಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ರೇಣುಕಾ ಎಮ್ಮೆಗೆ ನೀರಿಡುತ್ತಿದ್ದವಳು ನನ್ನನ್ನು ನೋಡಿ ಅಲ್ಲೇ ನಿಂತಳು. ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು: "ನಮ್ಮ ಆಟ ಈಗ ಖರೇ ಆಗ್ಯದ ಅಂತ ಬರದು ಸ್ಟೇಟಸ್ ಇಟ್ಟಿದ್ದೆ ಮೇಡಮ್. ಖುಷಿ ಆಗಿತ್ತು. ಯಾರೋ ನಾ ಬರದದ್ದು ಕತ್ತರಿಸಿ ಫೋಟೋ ಅಷ್ಟೇ ಕಳಸ್ಯಾರ್ರಿ."

"ಆಕಿಗಿ ಇನ್ನ ಕಾಲೇಜ ಸಾಕು ಅಂತ ಅವರಪ್ಪ ಅನ್ನಾಕತ್ತಾರ್ರಿ," ಅಂದರು ತಾಯಿ, ಮೊರದಿಂದ ಕಣ್ಣೆತ್ತದೆ.

ತಂದೆ ದನ ಹೊಡೆದುಕೊಂಡು ಬರುವವರೆಗೆ ಕಾದೆ. ಮಿತಭಾಷಿ ಮನುಷ್ಯ. ಕೈಕಾಲು ತೊಳೆದು ಬಂದು ಎದುರಿಗೆ ಕೂತರು. ನಾನು ದಾರಿಯಲ್ಲಿ ಏನೇನೋ ಮಾತು ಹೊಂದಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು.

"ಫೋಟೋ ತಗದಾಕಿ ಇಕಿ ಇರಬಹುದ್ರಿ. ಬರದಾಕಿ ನಾ. ನಾ ದಿನಾ ಕಾಲೇಜಿಗಿ ಹೋಗಾಕತ್ತೇನಿ. ಇಕಿ ಯಾಕ ಬಿಡಬೇಕು?"

ಅವರು ಹೆಂಡತಿಯ ಕಡೆ ನೋಡಿದರು. "ಊರಾಗ ಮಂದಿ ಕೇಳಿದ್ರ ಏನ ಹೇಳ್ಲಿ?"

"ಮೇಡಮ್ ತಪ್ಪ ಮಾಡ್ಯಾರ ಅಂತ ಹೇಳ್ರಿ. ಅದು ಖರೇನೇ ಅದ."

"ಫೋನ್ ಕೊಡಂಗಿಲ್ಲ," ಅಂದರು ಕೊನೆಗೆ. ಅದೇ ಒಪ್ಪಿಗೆ ಎಂದು ತಾಯಿ ಎದ್ದು ಚಹಾಕ್ಕೆ ಒಲೆ ಹೊತ್ತಿಸಿದ ಮೇಲೆ ನನಗೆ ತಿಳಿಯಿತು.

ಲಕ್ಷ್ಮೀಬಾಯಿಯ ಓಣಿಗೆ ನಾನು ಆಮೇಲೂ ಹೋಗುತ್ತಿದ್ದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಒಂದು ದಿನ ಹೋದಾಗ ನಲ್ಲಿಯಲ್ಲಿ ನೀರು ಬಂದಿತ್ತು. ಆಕೆ ಪೈಪಿನ ತುದಿ ನನ್ನ ಕೈಗೆ ಕೊಟ್ಟು, ಡ್ರಮ್ಮಿನಲ್ಲಿ ಹಿಡಿದಿರಲು ಹೇಳಿ, ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಆ ಆಟದಾಗ ಯಾರ್ಯಾರ ಇರ್ತಾರ್ರಿ?"

ಹೇಳಿದೆ. ಪ್ರಧಾನಮಂತ್ರಿ, ಮಂತ್ರಿಗಳು, ವಿರೋಧ ಪಕ್ಷ.

"ಮತ್ತ ನಮ್ಮಂಥವರು?"

ನಾನು ಪೈಪನ್ನೇ ನೋಡುತ್ತ, "ಹುಣಸಿ ಬೀಜ" ಅಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಆಕೆ ನಕ್ಕಳು. ನಾನು ಆಕೆಯ ನಗು ಕೇಳಿದ್ದು ಅದೇ ಮೊದಲು. "ಹಂಗಾರ ಬೀಜಾ ಮಾತಾಡಂಗಿಲ್ಲ ಬಿಡ್ರಿ," ಅಂದಳು.

ನಾನು ಅದನ್ನು ಮನೆಗೆ ತಂದೆ. ನಾಲ್ಕು ದಿನ ನಿದ್ದೆ ಸರಿಬರಲಿಲ್ಲ. ಆದೇಶ ತಡವಾಗುವುದನ್ನು, ಕಾಗದದಲ್ಲೇ ಉಳಿಯುವುದನ್ನು, ವದಂತಿ ಓಡುವುದನ್ನು ಎಲ್ಲ ಹಾಕಿ ಆಟವನ್ನು ನಿಜ ಮಾಡಿದೆನೆಂದು ಬೀಗಿದ್ದೆ. ಆದರೆ ಅದರಲ್ಲಿ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

ಪ್ರಾಂಶುಪಾಲರ ಮುಂದೆ ಹೋಗಿ ಕಪಾಟಿನ ಕೀಲಿ ಕೇಳಲು ನನಗೆ ಎರಡು ತಿಂಗಳು ಬೇಕಾಯಿತು. ಅವರು ಷರತ್ತುಗಳ ಮೇಲೆ ಕೊಟ್ಟರು. ಅಚ್ಚು ಇಲ್ಲ, ಮುದ್ರೆ ಇಲ್ಲ, ಎಲ್ಲ ಕೈಬರಹ, ಪ್ರತಿ ಚೀಟಿಯ ಮೇಲೂ 'ಆಟ' ಎಂದು ಕೆಂಪು ಅಕ್ಷರ. ಮಕ್ಕಳ ಫೋನುಗಳು ಸ್ಟೀಲಿನ ಡಬ್ಬಿಯೊಳಗೆ. ಆ ಡಬ್ಬಿಯಲ್ಲಿ ಒಂದು ಫೋನು ಗುರುಗುಟ್ಟಿದರೂ ಮಾತು ನಿಲ್ಲಿಸಿ ಅತ್ತ ನೋಡುತ್ತೇನೆ. ಈಗಲೂ ಅಷ್ಟೇ.

ಒಂದು ಷರತ್ತನ್ನು ನಾನೇ ಸೇರಿಸಿದೆ. ಹುಣಸೆ ಬೀಜದ ಬದಲು ಏಳನೆಯ ಆಟಗಾರರು ಇರಬೇಕು. ಅವರ ಹತ್ತಿರ ಚೀಟಿ ಇರುವುದಿಲ್ಲ, ಗುಂಡಿ ಇರುವುದಿಲ್ಲ. ಸರದಿಗೊಂದು ಪ್ರಶ್ನೆ ಕೇಳಬಹುದು. ಉತ್ತರ ಸಿಗುವವರೆಗೆ ಆಟ ಮುಂದೆ ಹೋಗುವಂತಿಲ್ಲ.

ಮೊದಲ ಶನಿವಾರ ಆ ಜಾಗಕ್ಕೆ ಲಕ್ಷ್ಮೀಬಾಯಿಯನ್ನು ಕರೆದೆ. ಬರುವುದಿಲ್ಲ ಅಂದಿದ್ದಳು. ರೊಟ್ಟಿ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಬೆಂಚಿನ ತುದಿಗೆ ಕೂತು, ಸೆರಗನ್ನು ಎರಡು ಸಲ ಸರಿ ಮಾಡಿಕೊಂಡಳು. ಗೌಸ್ ಸಾಹೇಬರೂ ಬಂದು ಬಾಗಿಲ ಹತ್ತಿರ ನಿಂತಿದ್ದರು. ಮಕ್ಕಳು ಹಟ ಮಾಡಿ ರೇಣುಕಾಳನ್ನೇ ಪ್ರಧಾನಮಂತ್ರಿ ಮಾಡಿದ್ದರು.

ಲಕ್ಷ್ಮೀಬಾಯಿಯ ಸರದಿ ಬಂತು. ಆಕೆ ನಕಾಶೆಯನ್ನು ನೋಡಲಿಲ್ಲ, ಹುಡುಗಿಯ ಮುಖ ನೋಡಿದಳು.

"ನಮ್ಮ ಓಣಿಗಿ ಮತ್ತ ನೀರ ಯಾವಾಗ ಬರ್ತಾವ?"

ರೇಣುಕಾ ಕೈಯಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ತಿರುವಿದಳು. ಯೋಜನೆ ಇತ್ತು, ಸಮಿತಿ ಇತ್ತು, ಪರಿಶೀಲನೆ ಇತ್ತು. ಒಂದನ್ನು ಅರ್ಧ ಎತ್ತಿ ಮತ್ತೆ ಕೆಳಗಿಟ್ಟಳು. ನಾನು ಬಾಯಿ ಹಾಕಲಿದ್ದವಳು ನನ್ನನ್ನೇ ತಡೆದುಕೊಂಡೆ.

"ನನಗ ಗೊತ್ತಿಲ್ರಿ," ಅಂದಳು ರೇಣುಕಾ.

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಲಕ್ಷ್ಮೀಬಾಯಿ ನಗಲಿಲ್ಲ.

"ಗೊತ್ತಿಲ್ಲ ಅಂತ ಇಲ್ಲೀತನ ನನಗ ಯಾರೂ ಹೇಳಿದ್ದಿಲ್ಲ ನೋಡವ್ವ," ಅಂದಳು. "ಕೇಳ್ಕೊಂಡ ಬಾ. ನಾ ಕುಂತಿರ್ತೀನಿ."

ರೇಣುಕಾ ನನ್ನ ಕಡೆ ನೋಡಿದಳು. ಪ್ರಧಾನಮಂತ್ರಿ ಆಟ ಬಿಟ್ಟು ಎದ್ದು ಹೋಗಬಹುದೇ ಎಂಬುದರ ಬಗ್ಗೆ ನಾನು ಯಾವ ನಿಯಮವನ್ನೂ ಬರೆದಿರಲಿಲ್ಲ. ನೀರಿನ ಕಚೇರಿ ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಆಕೆ ಚೀಟಿಗಳನ್ನು ಬೆಂಚಿನ ಮೇಲೆ ಬೋರಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಗೌಸ್ ಸಾಹೇಬರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ನಾವೆಲ್ಲ ಅಲ್ಲೇ ಕೂತೆವು, ಲಕ್ಷ್ಮೀಬಾಯಿಯ ಜೊತೆ, ಬಾಗಿಲ ಕಡೆ ನೋಡುತ್ತ.